ಬಾಗಿಲು ಮುಚ್ಚಿದರೆ ಬಾಗುವ ಮುಳ್ಳು

ಕರೆಂಟು ಎಂದೂ ಸುಳ್ಳು ಹೇಳುವುದಿಲ್ಲ, ಸುಳ್ಳು ಹೇಳುವವನು ಮೀಟರು ಹಿಡಿದವನು ಎಂದು ಟೆಸ್ಟರ್ ಯಾವಾಗಲೂ ಹೇಳುತ್ತಿದ್ದ. ಟೆಸ್ಟರ್ ಎಂಬುದು ಅವನ ಹೆಸರಲ್ಲ ಬಿಡಿ. ಟ್ರ್ಯಾಕ್ಟರುಗಳ ವೈರಿಂಗ್ ಕೆಲಸ ಮಾಡುವವನು, ಊಟಕ್ಕೆ ಕೂತಾಗಲೂ ಕೊರಳಲ್ಲಿ ಟೆಸ್ಟ್ ಬಲ್ಬು ತೂಗಾಡುತ್ತಿತ್ತು. ಗಿರಾಕಿಗಳು ತಮಾಷೆಗೆ ಇಟ್ಟ ಹೆಸರಿನಿಂದಲೇ ಕೊನೆಗೆ ಹೆತ್ತವರೂ ಕರೆಯತೊಡಗಿದರು. ದೆವ್ವದ ಮಾತೆತ್ತಿದರೆ ಅವನಿಗೆ ಮೂಗಿನ ತುದಿಯಲ್ಲೇ ಕೋಪ. ಲೋಕದಲ್ಲಿ ಇರುವುದು ಎರಡೇ ದೆವ್ವ, ಒಂದು ಸಡಿಲ ಸ್ಕ್ರೂ, ಇನ್ನೊಂದು ತುಕ್ಕು, ಎರಡಕ್ಕೂ ತನ್ನ ಹತ್ತಿರ ಔಷಧಿ ಇದೆ ಎನ್ನುತ್ತಿದ್ದ.

ಅಂಥವನನ್ನು ಹುಡುಕಿಕೊಂಡು ಒಂದು ಬೆಳಿಗ್ಗೆ ಭಾವ, ಅಂದರೆ ಅವನ ಅಕ್ಕನ ಗಂಡ, ಅಂಗಡಿಗೆ ಬಂದರು. ಅವರದು ಡೈನಮೊ ಕಾಲದ ಹಳೆಯ ಟ್ರ್ಯಾಕ್ಟರು. ದಿನವೆಲ್ಲ ಓಡಿಸಿದರೆ ಮೀಟರಿನ ಮುಳ್ಳು ಚಾರ್ಜಿನ ಕಡೆಗೇ ಇರುತ್ತದೆ, ಸಂಜೆ ಶೆಡ್ಡಿಗೆ ತಂದು ನಿಲ್ಲಿಸುತ್ತಾರೆ, ಬೆಳಿಗ್ಗೆ ಕೀ ತಿರುಗಿಸಿದರೆ ಕಟ್ ಎಂಬ ಸದ್ದು ಬಿಟ್ಟರೆ ಏನೂ ಇಲ್ಲ. ಬ್ಯಾಟರಿ ಬದಲಾಯಿಸಿಯಾಯಿತು, ಬೆಲ್ಟು ಬದಲಾಯಿಸಿಯಾಯಿತು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದಂತೆ, ಈ ಗಾಡಿಗೆ ಎಷ್ಟು ತುಂಬಿದರೂ ಸಾಲದು ಎಂದು ಟೆಸ್ಟರ್ ನಕ್ಕ. ಭಾವ ನಗಲಿಲ್ಲ.

ಅವರು ಸ್ಟೂಲು ಎಳೆದುಕೊಂಡು ಕೂತು, ಅಂಗಡಿಯ ಬಾಗಿಲ ಕಡೆ ಒಮ್ಮೆ ನೋಡಿ, ದನಿ ಇಳಿಸಿದರು.

“ಗಾಡಿ ಹಾಳಾಗಿ ಹೋಗ್ಲಿ. ನಿನ್ನಕ್ಕ ದಿನಾ ಬೆಳಿಗ್ಗೆ ಶೆಡ್ ಹತ್ರ ಬಂದು ನಿಂತ್ಕೋತಾಳೆ. ನಾನು ಕೀ ತಿರುಗಿಸಿ, ಅದು ಸ್ಟಾರ್ಟ್ ಆಗ್ದೇ ಇದ್ರೆ ಅವಳ ಮುಖ ಅರಳತ್ತೆ. ‘ರಾತ್ರಿ ಪುಟ್ಟಿ ಎದ್ದಿದ್ಲು’ ಅಂತಾಳೆ.”

ಪುಟ್ಟಿ ಅವರ ಒಬ್ಬಳೇ ಮಗಳು. ಹೋದ ವರ್ಷದ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡವಳು. ಶೆಡ್ಡಿನ ಹಿಂದೆ, ಹೊಲದ ಅಂಚಿನಲ್ಲಿ ಅವಳನ್ನು ಮಣ್ಣು ಮಾಡಿದ್ದರು. ಕತ್ತಲೆಂದರೆ ಹೆದರಿ ಸಾಯುತ್ತಿದ್ದ ಹುಡುಗಿ. ಅವಳಿಗೆಂದು ಟೆಸ್ಟರ್ ಪೌಡರ್ ಡಬ್ಬಿಯೊಳಗೆ ಟ್ರ್ಯಾಕ್ಟರಿನ ಮೀಟರ್ ಬಲ್ಬು ಕೂರಿಸಿ ಒಂದು ದೀಪ ಮಾಡಿಕೊಟ್ಟಿದ್ದ. ಮಾವನ ದೀಪ ಪಕ್ಕದಲ್ಲಿ ಇಲ್ಲದೆ ಅವಳು ಮಲಗುತ್ತಿರಲಿಲ್ಲ. ರಜೆಯಲ್ಲಿ ಅವನ ಅಂಗಡಿಗೆ ಬಂದರೆ ತುಂಡು ವೈರುಗಳನ್ನು ಗುಡ್ಡೆ ಹಾಕಿಕೊಂಡು ಜೋಡಿಸುತ್ತ ಕೂರುವಳು. ಎಳೆಗಳನ್ನು ಹೇಗೆ ಹುರಿ ಮಾಡಬೇಕೆಂದು ಅವನು ಎಷ್ಟು ಹೇಳಿಕೊಟ್ಟರೂ ಕೇಳಲಿಲ್ಲ. ಆಗಷ್ಟೇ ಜಡೆ ಹಾಕಿಕೊಳ್ಳಲು ಕಲಿತಿದ್ದಳು, ತಂತಿಗೂ ಮೂರೆಳೆಯ ಜಡೆಯನ್ನೇ ಹೆಣೆಯುತ್ತಿದ್ದಳು. ಜಡೆ ಹಾಕಿದರೆ ಬಿಚ್ಚಿಕೊಳ್ಳುವುದಿಲ್ಲ ಮಾವ ಎಂದು ವಾದ ಬೇರೆ. ಅವಳನ್ನು ಮಣ್ಣಿಗಿಟ್ಟ ದಿನ ಅಕ್ಕ ಆ ಪೌಡರ್ ಡಬ್ಬಿಯನ್ನೂ ಪಕ್ಕದಲ್ಲಿಟ್ಟಾಗ ಯಾರೂ ಬೇಡ ಎನ್ನಲಿಲ್ಲ.

“ಎಲ್ಲೋ ಒಂದು ವೈರು ಕೆಟ್ಟಿದೆ, ಅಷ್ಟೇ ಅಂತ ಅವಳ ಕೈಗೇ ಹಿಡಿಸಿ ತೋರ್ಸು,” ಎಂದರು ಭಾವ. “ಇಲ್ಲಾಂದ್ರೆ ಅವಳು ನಮ್ಮ ಕೈಗೆ ಸಿಗಲ್ಲ ಕಣೋ.”

ಟೆಸ್ಟರ್ ಟ್ರ್ಯಾಕ್ಟರನ್ನು ಅಂಗಡಿಗೆ ಎಳೆಸಿಕೊಂಡು ಬಂದ. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ಬಿಗಿ ನೋಡಿದ. ಬ್ಯಾಟರಿಯ ನೀರು ಎಳೆದು ಅಳೆದ. ಡೈನಮೊ ಬಿಚ್ಚಿ ಇದ್ದಿಲ ತುಂಡುಗಳ ಸವೆತ ನೋಡಿ, ಅವು ಉಜ್ಜುವ ತಾಮ್ರವನ್ನು ಮರಳು ಕಾಗದದಿಂದ ಉಜ್ಜಿದ. ಡೈನಮೊದಿಂದ ಬ್ಯಾಟರಿಗೆ ಕರೆಂಟು ಬಿಡುವ ರೆಗ್ಯುಲೇಟರಿನ ಪಾಯಿಂಟು ಎಂಜಿನ್ ನಿಂತ ಮೇಲೂ ಅಂಟಿಕೊಂಡೇ ಇದ್ದರೆ ರಾತ್ರಿಯೆಲ್ಲ ಬ್ಯಾಟರಿಯ ಕರೆಂಟು ಡೈನಮೊಗೆ ವಾಪಸ್ ಸುರಿಯುತ್ತದೆ. ಹಳೆಯ ಗಾಡಿಗಳಲ್ಲಿ ಹತ್ತಕ್ಕೆ ಎಂಟು ಸಲ ಕಳ್ಳ ಅದೇ. ಇಲ್ಲಿ ಅದೂ ಸರಿಯಾಗಿಯೇ ಬಿಟ್ಟುಕೊಳ್ಳುತ್ತಿತ್ತು. ಗಾಡಿ ಅಂಗಡಿಯಲ್ಲಿ ನಿಂತಷ್ಟು ದಿನವೂ ಬೆಳಿಗ್ಗೆ ಕೀ ಮುಟ್ಟುವುದೇ ತಡ, ಗುಡುಗಿದಂತೆ ಸ್ಟಾರ್ಟಾಯಿತು. ಗೆದ್ದೆ ಎಂದುಕೊಂಡು ಭಾವನ ಶೆಡ್ಡಿಗೆ ಬಿಟ್ಟು ಬಂದ. ಮಾರನೆಯ ಬೆಳಿಗ್ಗೆ ಅದು ಸತ್ತಿತ್ತು.

ಅವನಿಗೆ ಅವಮಾನವಾಯಿತು. ಪೆಟ್ಟಿಗೆ ಎತ್ತಿಕೊಂಡು ನಡು ಮಧ್ಯಾಹ್ನವೇ ಶೆಡ್ಡಿಗೆ ಹೋದ. ಭಾವ ಹೊಲದಲ್ಲಿದ್ದರು. ತಗಡಿನ ಗೋಡೆ, ತಗಡಿನ ಮಾಡು, ಮೂಲೆಯಲ್ಲಿ ಡೀಸೆಲ್ ಡ್ರಮ್ಮು, ಹಳೆಯ ಗೋಣಿಚೀಲಗಳ ರಾಶಿ. ಬ್ಯಾಟರಿಯ ಒಂದು ತಂತಿ ಬಿಚ್ಚಿ ನಡುವೆ ತನ್ನ ಮೀಟರು ಸೇರಿಸಿದ. ಮುಳ್ಳು ಸೊನ್ನೆಯ ಮೇಲೆ ಕದಲದೆ ನಿಂತಿತು. ಏನೂ ಸೋರುತ್ತಿಲ್ಲ. ಬಿಸಿಲು ಮೀಟರಿನ ಗಾಜಿಗೆ ಹೊಡೆದು ಕಣ್ಣು ಕುಕ್ಕುತ್ತಿತ್ತು, ಹೋಗಿ ಬಾಗಿಲು ಮುಚ್ಚಿ ಬಂದ.

ಮುಳ್ಳು ಎಡಕ್ಕೆ ಬಾಗಿತ್ತು. ಹೆಚ್ಚೇನಲ್ಲ, ಒಂದು ಸಣ್ಣ ಬಲ್ಬು ಉರಿಯುವಷ್ಟು.

ಬಾಗಿಲು ತೆರೆದ. ಸೊನ್ನೆ. ಮುಚ್ಚಿದ. ಬಾಗಿತು. ಮತ್ತೆ ತೆರೆದ, ಮತ್ತೆ ಮುಚ್ಚಿದ. ಯಾರಾದರೂ ನೋಡಿದ್ದರೆ ಇವನಿಗೇ ತಲೆ ಕೆಟ್ಟಿದೆ ಎನ್ನುತ್ತಿದ್ದರು. ಬಾಗಿಲ ಚೌಕಟ್ಟಿಗೆ ಯಾವುದೋ ತಂತಿ ತಾಗುತ್ತಿರಬೇಕು ಎಂದುಕೊಂಡು ಚೌಕಟ್ಟನ್ನೆಲ್ಲ ಕೈಯಿಂದ ಸವರಿ ನೋಡಿದ. ಜೇಡರ ಬಲೆ ಬಿಟ್ಟು ಅಲ್ಲಿ ಏನೂ ಇರಲಿಲ್ಲ. ಆ ಬಿಸಿಲಲ್ಲೂ ಅವನ ಬೆನ್ನು ಮೇಲಿಂದ ಕೆಳಗೆ ತಣ್ಣಗಾಯಿತು.

ತಣ್ಣಗಾದ ಬೆನ್ನಿಗೆ ಮರ್ಯಾದೆ ಕೊಟ್ಟರೆ ಕಸುಬು ನಡೆಯುವುದಿಲ್ಲ. ಬಾಗಿಲು ಮುಚ್ಚಿಯೇ ಒಂದೊಂದೇ ತಂತಿ ಕಿತ್ತ. ಹಾರ್ನ್ ಕಿತ್ತ, ದೀಪಗಳನ್ನು ಕಿತ್ತ, ಡೈನಮೊ ಕಿತ್ತ. ಮುಳ್ಳು ಬಾಗಿಯೇ ಇತ್ತು. ಕೊನೆಗೆ ಅವನ ಕಣ್ಣಿಗೆ ಬಿದ್ದದ್ದು ಮಡ್ಗಾರ್ಡಿನ ಹಿಂದಿನ ಪ್ಲಗ್ಗು. ಶೆಡ್ಡಿಗೆ ಬೇರೆ ಕರೆಂಟು ಇರಲಿಲ್ಲ. ಸಂಜೆ ಗಾಡಿ ನಿಲ್ಲಿಸಿದ ಕೂಡಲೇ ಶೆಡ್ಡಿನ ದೀಪದ ವೈರನ್ನು ಟ್ರ್ಯಾಕ್ಟರಿಗೆ ಸಿಕ್ಕಿಸುವುದು, ಬೆಳಿಗ್ಗೆ ಗಾಡಿ ಹೊರಟಾಗ ಕೀಳುವುದು ಭಾವನಿಗೆ ಉಸಿರಾಡಿದಷ್ಟು ರೂಢಿ. ಇವತ್ತು ಗಾಡಿ ಹೊರಡದೆ ಅದು ಹಾಗೇ ಉಳಿದಿತ್ತು. ಅಂಗಡಿಗೆ ಬಂದಾಗ ಆ ಪ್ಲಗ್ಗು ಬಂದಿರಲಿಲ್ಲ. ಅದನ್ನು ಕಿತ್ತ, ಮುಳ್ಳು ಸೊನ್ನೆಗೆ ಬಂತು. ಅಂಗೈ ಹುಣ್ಣಿಗೆ ಕನ್ನಡಿ ಹಿಡಿದು ಇಷ್ಟು ದಿನ ಕೂತಿದ್ದೆನಲ್ಲ ಎಂದು ತನ್ನನ್ನು ತಾನೇ ಬೈದುಕೊಂಡ.

ಆದರೆ ಶೆಡ್ಡಿನ ದೀಪದ ಸ್ವಿಚ್ಚು ಆಫ್ ಆಗಿಯೇ ಇತ್ತು. ವೈರಿನ ಜೊತೆ ಗೋಡೆಗುಂಟ ಹೋದ. ಡ್ರಮ್ಮಿನ ಹಿಂದೆ ಅದಕ್ಕೆ ಇನ್ನೊಂದು ವೈರು ಕೂಡಿಕೊಂಡು ನೆಲದೊಳಗೆ ಇಳಿದಿತ್ತು. ಕೂಡಿಸಿದ ಜಾಗದಲ್ಲಿ ಎಳೆಗಳನ್ನು ಬೀಸಣಿಗೆಯಂತೆ ಬಿಡಿಸಿ, ಒಂದರೊಳಗೊಂದು ತೂರಿಸಿ, ಹುರಿ ಮಾಡಿ, ಮೇಲೆ ಮೇಣದ ಬಟ್ಟೆ ಸುತ್ತಿತ್ತು. ಇದು ಅವನ ಅಪ್ಪನ ವಿದ್ಯೆ. ಅಪ್ಪ ಇದನ್ನು ಕಲಿಸಿದ್ದು ಇಬ್ಬರಿಗೇ, ಒಬ್ಬ ಅವನು.

ತಲೆಯೆತ್ತಿದರೆ ಇನ್ನೊಬ್ಬಳು ಬಾಗಿಲು ಸರಿಸಿಕೊಂಡು ನಿಂತಿದ್ದಳು. ಅಕ್ಕ ಸಣ್ಣಗಾಗಿದ್ದಳು, ಕಣ್ಣುಗಳು ಮಾತ್ರ ದೊಡ್ಡವಾಗಿದ್ದವು. ಅವನು ಕೇಳುವ ಮೊದಲೇ, ಸಂಕೋಚವಿಲ್ಲದೆ ಹೇಳಿದಳು. ಮಣ್ಣು ಮಾಡುವಾಗ ಡಬ್ಬಿಯ ದೀಪದ ವೈರಿನ ತುದಿಯನ್ನು ಹೊರಗೆ ಉಳಿಸಿಕೊಂಡು, ಆ ಸಂಜೆಯೇ ಅದಕ್ಕೆ ಇಲ್ಲಿಂದ ವೈರು ಎಳೆದಿದ್ದು ತಾನೇ. ಮೊದಲ ರಾತ್ರಿ ಮಗುವನ್ನು ಕತ್ತಲಲ್ಲಿ ಬಿಟ್ಟು ಹೇಗೆ ಮಲಗುವುದು? ಆದರೆ ಬ್ಯಾಟರಿ ಇಳಿದು ಗಂಡನ ಕೆಲಸ ಕೆಟ್ಟಿತು. ಸ್ವಲ್ಪ ದಿನ ನೋಡಿ, ಶೆಡ್ಡಿನ ಹಿಂದೆ ವೈರು ಹಾದುಹೋಗುವ ಚಪ್ಪಡಿ ಕಲ್ಲಿನ ಕೆಳಗೆ ಅದನ್ನು ತಾನೇ ಚಾಕುವಿನಿಂದ ಕತ್ತರಿಸಿದಳು.

“ಕತ್ತರಿಸಿ ಎಷ್ಟೋ ಕಾಲ ಆಯ್ತು. ಕತ್ತರಿಸ್ದೇ ಇದ್ರೂ ಆ ಬಲ್ಬು ಇಷ್ಟು ದಿನ ಉರಿಯತ್ತಾ? ನೀನೇ ಮಾಡಿದ್ದು, ನೀನೇ ಹೇಳು,” ಎಂದಳು ಅಕ್ಕ. “ಆದ್ರೂ ರಾತ್ರಿಯಾದ್ರೆ ಬ್ಯಾಟರಿ ಇಳಿಯತ್ತೆ. ಆ ಕಲ್ಲು ಎತ್ತಿ ನೋಡೋ ಧೈರ್ಯ ನಂಗಿಲ್ಲ ಕಣೋ.”

ಅವಳನ್ನು ಮನೆಯೊಳಗೆ ಕಳಿಸಿ ಟೆಸ್ಟರ್ ಒಬ್ಬನೇ ಶೆಡ್ಡಿನ ಹಿಂದೆ ಹೋದ. ಚಪ್ಪಡಿ ಕಲ್ಲಿನ ಸುತ್ತ ಹುಲ್ಲು ಹೆಣೆದುಕೊಂಡಿತ್ತು, ಯಾರೂ ಅದನ್ನು ಕದಲಿಸಿದ ಗುರುತಿರಲಿಲ್ಲ. ಕಬ್ಬಿಣದ ಸಲಾಕೆ ಕೊಟ್ಟು ಮೀಟಿದ. ಕೆಳಗೆ ಹಸಿ ಮಣ್ಣು, ಎರೆಹುಳು, ಅದರ ನಡುವೆ ವೈರು.

ವೈರು ಕತ್ತರಿಸಿದ್ದು ನಿಜ. ಚಾಕುವಿನ ಕಚ್ಚು ಕಾಣುತ್ತಿತ್ತು. ಕತ್ತರಿಸಿದ ತುದಿಗಳು ಮತ್ತೆ ಸೇರಿದ್ದವು, ಅಪ್ಪನ ಹುರಿಯಲ್ಲಲ್ಲ, ಮೂರೆಳೆಯ ಜಡೆಯಲ್ಲಿ. ಮೇಲೆ ಸಡಿಲ, ಕೆಳಗೆ ಬರುತ್ತ ಅತಿ ಬಿಗಿ, ಕೊನೆಗೆ ಉಳಿದ ಒಂದೆಳೆ ಹೊರಗೆ ಚಾಚಿಕೊಂಡಿತ್ತು. ಆ ಒಂದೆಳೆಯನ್ನು ಸೇರಿಸಲು ಪುಟ್ಟಿಗೆ ಎಂದೂ ಬರುತ್ತಿರಲಿಲ್ಲ. ಹಸಿ ಮಣ್ಣಿನಲ್ಲಿ ತಾಮ್ರ ಬೇಗನೆ ಹಸಿರುಗಟ್ಟುತ್ತದೆ. ಇದು ಈಗಷ್ಟೇ ಸುಲಿದಂತೆ ಕೆಂಪಗೆ ಹೊಳೆಯುತ್ತಿತ್ತು.

ಅವನು ಕೂತಲ್ಲೇ ಕೂತ. ಅಕ್ಕ ನಿದ್ದೆಗಣ್ಣಿನಲ್ಲಿ ಬಂದು ಹೆಣೆದಿರಬೇಕು ಎಂದುಕೊಂಡ, ಆದರೆ ಹೆಣೆದುಕೊಂಡಿದ್ದ ಆ ಹುಲ್ಲು ಅದಕ್ಕೆ ಒಪ್ಪಲಿಲ್ಲ. ಕಟಿಂಗ್ ಪ್ಲೇಯರ್ ತೆಗೆದು ಜಡೆಯ ಹತ್ತಿರ ಒಯ್ದ. ಕತ್ತರಿಸಿ, ತುಂಡನ್ನು ಅಕ್ಕನಿಗೆ ತೋರಿಸಿದರೆ ಭಾವ ಹೇಳಿದ ಕೆಲಸ ಮುಗಿಯುತ್ತದೆ. ಆದರೆ ಈ ಜಡೆ ನೋಡಿದರೆ ಅಕ್ಕ ಇನ್ನೆಂದೂ ಪುಟ್ಟಿಯ ಗುಂಗಿನಿಂದ ಈಚೆ ಬರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವನ ಕೈಗೇ ಮನಸ್ಸು ಬರಲಿಲ್ಲ. ಕಲ್ಲನ್ನು ಮೊದಲಿದ್ದ ಹಾಗೆ ಇಟ್ಟ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮರುದಿನ ಅಂಗಡಿಯಿಂದ ಒಂದು ಹಳೆಯ ಬ್ಯಾಟರಿ ತಂದು ಮರದ ಪೆಟ್ಟಿಗೆಯಲ್ಲಿಟ್ಟು ಡ್ರಮ್ಮಿನ ಹಿಂದೆ ಕೂರಿಸಿದ. ನೆಲದೊಳಗಿನ ವೈರನ್ನು ಶೆಡ್ಡಿನ ದೀಪದಿಂದ ಬಿಡಿಸಿ ಅದಕ್ಕೆ ಕೊಟ್ಟ, ಇಳಿದದ್ದು ತಿಳಿಯಲೆಂದು ನಡುವೆ ಒಂದು ಹಳೆಯ ಮೀಟರನ್ನೂ ಹಾಕಿದ. ಮೇಲೆ ಗೋಣಿಚೀಲ ಹೊದಿಸಿದ. ಭಾವನಿಗೆ ರೆಗ್ಯುಲೇಟರಿನ ಪಾಯಿಂಟು ಅಂಟಿಕೊಳ್ಳುತ್ತಿತ್ತು ಎಂದು ಹೇಳಿ, ಯಾವುದೋ ಗುಜರಿ ಗಾಡಿಯ ಸುಟ್ಟ ರೆಗ್ಯುಲೇಟರನ್ನು ಅಕ್ಕನ ಕೈಗಿತ್ತು ತೋರಿಸಿದ. ಅಕ್ಕ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸ್ ಕೊಟ್ಟಳು. ಮೀಟರು ಹಿಡಿದವನು ಕೊನೆಗೂ ಸುಳ್ಳು ಹೇಳಿದ್ದ.

ಟ್ರ್ಯಾಕ್ಟರು ದಿನವೂ ಸ್ಟಾರ್ಟಾಯಿತು. ಭಾವ ಊರೆಲ್ಲ ಅವನನ್ನು ಹೊಗಳಿಕೊಂಡು ತಿರುಗಿದರು. ಅವನು ಏನಾದರೊಂದು ನೆಪ ಮಾಡಿಕೊಂಡು ಬಂದು, ಯಾರೂ ಇಲ್ಲದ ಹೊತ್ತಿನಲ್ಲಿ ಪೆಟ್ಟಿಗೆಯ ಬ್ಯಾಟರಿ ಬದಲಾಯಿಸಿ ಹೋಗುತ್ತಿದ್ದ. ಪ್ರತಿ ಸಲವೂ ಅದು ಖಾಲಿಯಾಗಿರುತ್ತಿತ್ತು. ಅದಕ್ಕೆ ಕಾರಣ ಹುಡುಕುವುದನ್ನು ಅವನು ನಿಲ್ಲಿಸಿದ್ದ.

ಒಂದು ದಿನ ಭಾವ ಮತ್ತೆ ಬಂದರು. ಈ ಸಲ ಗಾಡಿಯ ಮಾತೇ ಇಲ್ಲ. ಅಕ್ಕ ಊಟ ಬಿಟ್ಟಿದ್ದಾಳೆ, ಗೋಡೆಗೆ ಮುಖ ಮಾಡಿ ಮಲಗಿದರೆ ಏಳುವುದಿಲ್ಲ, ಬೆಳಿಗ್ಗೆ ಗಾಡಿಯ ಸದ್ದು ಕೇಳಿದರೆ ಕಿವಿ ಮುಚ್ಚಿಕೊಳ್ಳುತ್ತಾಳೆ ಎಂದು ಹೇಳಿ ಆ ಗಟ್ಟಿ ಗಂಡಸು ಅತ್ತುಬಿಟ್ಟರು. ಟೆಸ್ಟರ್ ಅಂಗಡಿಯ ಬಾಗಿಲು ಹಾಕುವುದನ್ನೂ ಮರೆತು ಓಡಿದ.

ಅಕ್ಕ ಅವನ ಕಡೆ ತಿರುಗಲಿಲ್ಲ. “ದಿನಾ ಸ್ಟಾರ್ಟ್ ಆಗ್ತಿದೆ,” ಎಂದಳು ಗೋಡೆಗೆ. “ಕಲ್ಲು ಎತ್ತಿ ನೋಡ್ದೆ ಅಲ್ವಾ? ಏನೋ ಇತ್ತು, ನೀನು ಕತ್ತರಿಸ್ಬಿಟ್ಟೆ. ಈಗ ಅವಳು ಕತ್ತಲಲ್ಲಿ ಒಬ್ಬಳೇ ಇದ್ದಾಳೆ.”

ಇವಳನ್ನು ಉಳಿಸಲು ಹೇಳಿದ ಸುಳ್ಳು ಇವಳನ್ನೇ ಸಾಯಿಸುತ್ತಿದೆ. ಅವಳ ಕೈ ಹಿಡಿದು ಎಬ್ಬಿಸಿದ, ಅಂಗಳ ದಾಟಿಸಿ ಶೆಡ್ಡಿಗೆ ಕರೆದುಕೊಂಡು ಹೋದ. ಡ್ರಮ್ಮಿನ ಹಿಂದೆ ಕೂರಿಸಿ ಗೋಣಿಚೀಲ ಸರಿಸಿದ. ಪೆಟ್ಟಿಗೆ, ಬ್ಯಾಟರಿ, ನೆಲಕ್ಕಿಳಿದ ವೈರು, ನಡುವೆ ಮೀಟರು. ತೆರೆದ ಬಾಗಿಲಿಂದ ಮಧ್ಯಾಹ್ನದ ಬೆಳಕು ಒಳಗೆಲ್ಲ ತುಂಬಿತ್ತು. ಮುಳ್ಳು ಸೊನ್ನೆಯ ಮೇಲಿತ್ತು. ಅಕ್ಕ ಅದನ್ನು ನೋಡಿ ಅವನ ಮುಖ ನೋಡಿದಳು.

ಅವನು ಎದ್ದು ಹೋಗಿ ಬಾಗಿಲು ಮುಚ್ಚಿದ. ತಗಡಿನ ಮೊಳೆ ತೂತುಗಳಿಂದ ಬಿದ್ದ ಬೆಳಕಿನ ಚುಕ್ಕೆಗಳಲ್ಲಿ ಒಂದು ಮೀಟರಿನ ಗಾಜಿನ ಮೇಲಿತ್ತು. ಆ ಚುಕ್ಕೆಯೊಳಗೆ ಮುಳ್ಳು ಮೆಲ್ಲಗೆ ಎಡಕ್ಕೆ ಬಾಗಿತು. ಅಪ್ಪನ ಜೊತೆ ಕೂತು ಕಲಿತವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

“ಎದ್ದಿದ್ದಾಳಾ?” ಎಂದು ಕೇಳಿದಳು ಅಕ್ಕ.

“ಎದ್ದಿದ್ದಾಳೆ ಅಕ್ಕ. ಯಾವಾಗ್ಲೂ ಎದ್ದೇ ಇದ್ಲು. ನಾನು ಕತ್ತರಿಸ್ಲಿಲ್ಲ. ಬಂದು ಬಂದು ಬ್ಯಾಟರಿ ಹಾಕ್ತಿದ್ದೀನಿ.”

ಕತ್ತಲಲ್ಲಿ ಅಕ್ಕ ಬಹಳ ಹೊತ್ತು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟುಕೊಂಡು ಕೂತಳು, ಜ್ವರ ನೋಡುವವಳಂತೆ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಮೊದಲಿನ ಅಕ್ಕನ ದನಿಯಲ್ಲಿ ಅವನನ್ನು ಗದರಿದಳು.

“ಆಟ ಆಡ್ಬೇಡ. ಬಾಗಿಲು ತೆಗಿ. ಮಲಗ್ಲಿ ಪಾಪ.”

ಟೆಸ್ಟರ್ ಬಾಗಿಲನ್ನು ಪೂರ್ತಿ ತೆರೆದ. ಮುಳ್ಳು ಸೊನ್ನೆಗೆ ಬರಲು ಸ್ವಲ್ಪ ಹೊತ್ತು ತೆಗೆದುಕೊಂಡಿತು. ಮೀಟರು ಹಳೆಯದು, ಅದಕ್ಕೇ ಹೀಗೆ ಎಂದು ಅವನು ಹೇಳಲಿಲ್ಲ.