ಮಸಿ ಮುಖದ ಗುರುತು

“ಮುಖ ಎತ್ತೇ, ಮುಂಡೆ! ಇದ್ದಲು ಹೊರೋ ಮೂತಿಗೆ ನಾಚಿಕೆ ಬೇರೆ ಕೇಡು.”

ಆಸ್ಪತ್ರೆಯ ಗುಮಾಸ್ತ ಕಿಟಕಿಯಿಂದ ಕ್ಯಾಮೆರಾ ಹೊರಗೆ ಚಾಚಿದ. ಇದ್ದಲು ಹೊರುವವಳು ಮುಖ ಎತ್ತಿದಳು. ಮನೆಯಲ್ಲಿ ಸೋಪು ಸವೆಯುವಷ್ಟು ಉಜ್ಜಿ ತೊಳೆದುಕೊಂಡು ಬಂದ ಮುಖ. ಕಂಪ್ಯೂಟರ್ ಪರದೆ ಮತ್ತೆ ಕೆಂಪಾಯಿತು.

“ಇದು ನೀನಲ್ಲ ಅಂತಿದೆ.”

“ನಾನೇ ಸ್ವಾಮಿ! ನಾನಲ್ದೆ ಇನ್ಯಾರು? ಒಳಗೆ ಮಲ್ಗಿರೋಳು ನನ್ ಮಗಳು. ಕರುಳು ಗಂಟು ಬಿದ್ದಿದೆಯಂತೆ, ಈಗ್ಲೇ ಕೊಯ್ಬೇಕಂತೆ.”

“ಸಿಸ್ಟಮ್ಮು ಒಪ್ಪದೆ ಡಾಕ್ಟ್ರು ಕತ್ತರಿ ಮುಟ್ಟಲ್ಲ. ಸರ್ಕಾರ ಎಲ್ಲಾನೂ ಆನ್‌ಲೈನ್ ಮಾಡಿದೆ, ನಾನೇನ್ ಮಾಡ್ಲಿ?”

ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ. ಸರ್ಕಾರದ ಬಳಿಯಿದ್ದ ಅವಳ ಫೋಟೋ: ಹಣೆಯಿಂದ ಗಲ್ಲದವರೆಗೆ ಮಸಿ, ನಡುವೆ ಎರಡು ಬಿಳಿ ಕಣ್ಣು. ಕಾರ್ಡು ಮಾಡುವಾಗ ಫೋಟೋದವರು ಇದ್ದಲಿನ ಅಂಗಳಕ್ಕೇ ಬಂದಿದ್ದರು. ಮುಖ ತೊಳೆದು ಬರುತ್ತೇವೆಂದ ಹೆಂಗಸರಿಗೆ ಮೇಸ್ತ್ರಿ, “ನಿಮ್ಗೇನು ಮದ್ವೆನಾ? ಹೊತ್ತು ಹಾಳ್ ಮಾಡ್ಬೇಡ್ರೇ ಬೋಸುಡಿಗಳಾ,” ಎಂದು ಗದರಿ, ಹೊರೆ ಇಳಿಸಿ ಬಂದ ಹಾಗೆಯೇ ಸಾಲಾಗಿ ನಿಲ್ಲಿಸಿದ್ದ.

“ಹೋಗಿ ಮಸಿ ಬಳ್ಕೊಂಡು ಬಾ,” ಎಂದು ಗುಮಾಸ್ತ ನಕ್ಕ. ಸಾಲಿನಲ್ಲಿದ್ದವರೂ ನಕ್ಕರು. ಅವಳು ನಗಲಿಲ್ಲ, ಓಡಿದಳು.

ಎಲ್ಲೆಲ್ಲೂ ಬಿಳಿ ಟೈಲ್ಸು, ಫಿನಾಯಿಲ್ ವಾಸನೆ. ಜೀವಮಾನವಿಡೀ ಉಗುರಿನ ಸಂದಿ ಬಿಡದ ದರಿದ್ರ ಮಸಿ, ಬೇಕಾದಾಗ ಚಿಟಿಕೆಯಷ್ಟೂ ಸಿಗಲಿಲ್ಲ. ಕೊನೆಗೆ ಹಿತ್ತಲಲ್ಲಿ ಗಡಗಡ ಅನ್ನುತ್ತಿದ್ದ ಜನರೇಟರಿನ ಹೊಗೆಕೊಳವೆಗೆ ಕೈ ಹಾಕಿದಳು. ಕೈ ಚುರ್ ಅಂದರೂ ಬಿಡದೆ ಬಳಿದುಕೊಂಡಳು.

ಪರದೆ ಹಸಿರಾಯಿತು.

“ನೋಡ್ದಾ, ಈಗ ನೀನು ನೀನೇ. ವಾರ್ಡಿನ ಬಾಗ್ಲಲ್ಲಿರೋ ಕ್ಯಾಮೆರಾಕ್ಕೂ ಇದೇ ಮುಖ ತೋರ್ಸು. ಒಳಗೆ ಹೋಗಿ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ರೇನೇ ಆಪರೇಷನ್.”

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ವಾರ್ಡಿನ ಗಾಜಿನ ಬಾಗಿಲಲ್ಲಿ ಕಾವಲುಗಾರ ಕೋಲು ಅಡ್ಡ ಹಿಡಿದ.

“ಥೂ! ಈ ಗಲೀಜು ಹೊತ್ಕೊಂಡು ಒಳಗೆ ಬರ್ತೀಯಾ? ತೊಳ್ಕೊಂಡು ಬಾ, ಹೋಗು.”

“ತೊಳೆದ್ರೆ ನಿಮ್ ಬಾಗ್ಲು ನನ್ ಗುರ್ತು ಹಿಡಿಯಲ್ಲ ಕಣಣ್ಣಾ!”

“ಅದು ನನ್ ತಲೆನೋವಲ್ಲ.”

ಗಾಜಿನಾಚೆ ಮಗಳು ಹೊಟ್ಟೆ ಹಿಡಿದು ಮುದುರಿ ಮಲಗಿದ್ದಳು. ಇತ್ತ ನೋಡಿದಳು. ಮಸಿಯೊಳಗಿನ ತಾಯಿಯನ್ನು ಒಂದೇ ನೋಟಕ್ಕೆ ಗುರುತು ಹಿಡಿದಳು. ಬಾಯಿ ‘ಅಮ್ಮಾ’ ಎಂದಿತು. ದಪ್ಪ ಗಾಜು ದಾಟಿ ಸದ್ದು ಬರಲಿಲ್ಲ.

ತಾಯಿ ಕೋಲು ತಳ್ಳಿ, ಇಡೀ ಮುಖವನ್ನು ಗಾಜಿಗೆ ಒತ್ತಿ ಕಿರುಚಿದಳು. ಕಾವಲುಗಾರ ರಟ್ಟೆ ಹಿಡಿದು ದರದರ ಎಳೆದುಕೊಂಡು ಹೋದ.

ಗಾಜಿನ ಮೇಲೆ ಹಣೆ, ಮೂಗು, ತೆರೆದ ಬಾಯಿ ಮಸಿಯಲ್ಲಿ ಹಾಗೇ ಉಳಿದವು.

“ಏ, ಒರ್ಸೇ ಅದನ್ನ,” ಎಂದು ಅವನು ದೂರದಿಂದಲೇ ಕೂಗಿದ.

ನೆಲ ಒರೆಸುತ್ತಿದ್ದ ಆಯಾ ಎದ್ದು ಬಂದು ಗಾಜಿನ ಮುಂದೆ ನಿಂತಳು. ಒರೆಸದೆ, ಕೈಯಲ್ಲಿದ್ದ ಬಟ್ಟೆಯನ್ನು ಕೆಳಗೆ ಬಿಟ್ಟಳು.