ಕೂಗುವ ಟೈರುಗಳು

ನಾನು ಟೈರು ಓದುವವಳು. ಹೀಗೆಂದರೆ ಜನ ನಗುತ್ತಾರೆ, ನಗಲಿ. ಊರಾಚೆ ಕಾರು ಓಡಿಸುವ ಟ್ರ್ಯಾಕ್ ಒಂದಿದೆ. ತಿಂಗಳಿಗೆ ಎರಡು ಭಾನುವಾರ ಅದನ್ನು ಹವ್ಯಾಸಿಗಳಿಗೆ ಬಿಟ್ಟುಕೊಡುತ್ತಾರೆ. ಸ್ಪೋರ್ಟ್ಸ್ ಕಾರು ಇರುವ ಯಾರು ಬೇಕಾದರೂ ಬಂದು ಸುತ್ತು ಹೊಡೆಯಬಹುದು. ಪಂದ್ಯವಲ್ಲ, ಬಹುಮಾನವೂ ಇಲ್ಲ. ಟ್ರ್ಯಾಕಿನ ಪಕ್ಕದ ತಗಡಿನ ಶೆಡ್ಡು ನನ್ನದು. ಅವರವರ ಕಾರಿಗೆ ತಕ್ಕ ಟೈರು ಆರಿಸಿ, ಹಾಕಿ, ಗಾಳಿ ತುಂಬಿ ಕಳಿಸುತ್ತೇನೆ. ವಾಪಸ್ ಬಂದಾಗ ಬಿಸಿ ರಬ್ಬರಿನ ಮೇಲೆ ಅಂಗೈ ಆಡಿಸಿ, ಅಲ್ಲಿ ಏನೇನಾಯಿತೆಂದು ಹೇಳುತ್ತೇನೆ.

ಸವೆದ ಟೈರಿಗೆ ಸುಳ್ಳು ಹೇಳಲು ಬರುವುದಿಲ್ಲ. ಇಲ್ಲಿಗೆ ಬರುವ ಹಲ್ಲಿನ ಡಾಕ್ಟರೊಬ್ಬರ ಕಾರಿನ ಮುಂದಿನ ಟೈರಿನಲ್ಲಿ ಒಂದು ಕಡೆ ಮಾತ್ರ ಚಪ್ಪಟೆಯಾಗಿರುತ್ತದೆ; ಹೆದರಿ ಬ್ರೇಕಿನ ಮೇಲೆ ನಿಂತುಬಿಟ್ಟಿರುತ್ತಾರೆ. ಕೇಳಿದರೆ ಮೊಲ ಅಡ್ಡ ಬಂತು ಎನ್ನುತ್ತಾರೆ. ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ, ಒಂದು ಮೊಲವನ್ನೂ ಕಂಡಿಲ್ಲ. ಹೊಸದಾಗಿ ಮದುವೆಯಾದ ಬ್ಯಾಂಕಿನವನು ಸ್ಟೀರಿಂಗನ್ನು ಬೇಕಾದ್ದಕ್ಕಿಂತ ಹೆಚ್ಚು ತಿರುಗಿಸುತ್ತಾನೆ, ಅವನ ಟೈರಿನ ಹೊರ ಅಂಚು ಗರಗಸದ ಹಲ್ಲಿನ ಹಾಗಿರುತ್ತದೆ. ಯಾರು ಮನೆಯಲ್ಲಿ ಜಗಳವಾಡಿ ಬಂದಿದ್ದಾರೆ ಎನ್ನುವುದೂ ನನಗೆ ಗೊತ್ತಾಗುತ್ತದೆ, ಆದರೆ ಬಾಯಿ ಬಿಡುವುದಿಲ್ಲ.

ನನ್ನ ಅಪ್ಪನ ಟೈರು ಮಾತ್ರ ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಸಮ ಸವೆಯುತ್ತಿತ್ತು. ಅಪ್ಪ ಮೂವತ್ತೆರಡು ವರ್ಷ ನೇಯ್ಗೆ ಗಿರಣಿಯಲ್ಲಿ ಮಗ್ಗಗಳ ಮೆಕ್ಯಾನಿಕ್ ಆಗಿದ್ದವನು. ಕೆಲಸ ಮುಗಿದ ಮೇಲೆ, ಯಾರದೋ ಹಿತ್ತಿಲಲ್ಲಿ ತುಕ್ಕು ಹಿಡಿಯುತ್ತಿದ್ದ ಎರಡು ಸೀಟಿನ ಹಸಿರು ಕಾರನ್ನು ತಂದು, ವರ್ಷಗಟ್ಟಲೆ ಅದರ ಕೆಳಗೇ ಮಲಗಿ ರಿಪೇರಿ ಮಾಡಿದ. ಅವನು ಓಡಿಸುವುದನ್ನು ನೋಡುತ್ತಾ ನಿಂತರೆ ಕಾರು ನೆಲ ಮುಟ್ಟುತ್ತಿದೆಯೋ ಇಲ್ಲವೋ ಅನ್ನಿಸುತ್ತಿತ್ತು. ಬೆಳಗಿನ ಮಂಜಿನೊಳಗೆ ಆ ಹಸಿರು ಕರಗಿ ಹೋಗುವುದು, ಸ್ವಲ್ಪ ಹೊತ್ತಿಗೆ ಇನ್ನೊಂದು ಕಡೆಯಿಂದ ಮೂಡಿ ಬರುವುದು. ನಾನು ಕೆಲಸ ಬಿಟ್ಟು ನೋಡುತ್ತಿದ್ದೆ.

ಅಂಥವನ ಕಾರು ಕಳೆದ ತಿಂಗಳು ಎರಡು ಸಲ ತಿರುವಿನಲ್ಲಿ ಜಾರಿ ಗಿರಗಿರನೆ ಸುತ್ತಿ ಹುಲ್ಲಿಗೆ ಇಳಿಯಿತು. ಟ್ರ್ಯಾಕಿನ ಮೇಲ್ವಿಚಾರಕ, ಕೊರಳಲ್ಲಿ ಸದಾ ಸೀಟಿ ನೇತಾಡುವುದರಿಂದ ಎಲ್ಲರಿಗೂ ಸೀಟಿಯಣ್ಣ, ಶೆಡ್ಡಿಗೇ ಬಂದು ಹೇಳಿದ.

"ಯಜಮಾನ್ರ ಕಾರು ಇನ್ನೊಂದು ಸಲ ಸುತ್ತಿದ್ರೆ ಪಟ್ಟಿಯಿಂದ ಹೆಸರು ತೆಗೀತೀನಿ. ನೀನು ಬೇಜಾರು ಮಾಡ್ಕೊಂಡ್ರೂ ಅಷ್ಟೆ, ಮಾಡ್ಕೊಳ್ದಿದ್ರೂ ಅಷ್ಟೆ."

ಬೇಜಾರಲ್ಲ, ಭಯವಾಯಿತು. ಅಪ್ಪನಿಗೆ ಉಳಿದಿದ್ದದ್ದು ಈ ಭಾನುವಾರಗಳು ಮಾತ್ರ. ಮನೆಯಲ್ಲಿ ಅಮ್ಮ ಅವನ ಜೊತೆ ಮಾತು ಬಿಟ್ಟು ಎರಡು ವರ್ಷವಾಗಿತ್ತು. "ಗಂಟಲು ಹರಿಯೋ ಹಾಗೆ ಕರೆದ್ರೂ ತಿರುಗಿ ನೋಡಲ್ಲ. ನನ್ನ ಮಾತಿಗೆ ಅಷ್ಟೂ ಬೆಲೆ ಇಲ್ವಾ?" ಎಂದು ಒಂದು ದಿನ ಅತ್ತು, ಮಾರನೆಯ ದಿನದಿಂದ ತಟ್ಟೆ ಬಡಿಸಿಟ್ಟು ಹೊಲಿಗೆಯ ಕೋಣೆಗೆ ಹೋಗತೊಡಗಿದಳು. ನಾನೂ ಅಮ್ಮನ ಪಕ್ಷವೇ. ಅಪ್ಪನದು ದಪ್ಪ ಚರ್ಮ ಎಂದು ಅವನ ಬೆನ್ನ ಹಿಂದೆ ಎಷ್ಟೋ ಸಲ ಗೊಣಗಿದ್ದೇನೆ.

ಕಾರು ಸುತ್ತಿದ್ದಕ್ಕೆ ಕಾರಣ ಕಂಡುಹಿಡಿಯಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಪ್ಪ ಹಾಕಿದ್ದು ಅಂಟು ಟೈರು. ಮೆತ್ತಗಿನ ರಬ್ಬರು, ರಸ್ತೆಯನ್ನು ಕಚ್ಚಿ ಹಿಡಿಯುತ್ತದೆ. ಆದರೆ ಪ್ರತಿ ಸಲ ಕಾದು ಆರಿದಾಗಲೂ ಅದು ಒಂದಿಷ್ಟು ಗಟ್ಟಿಯಾಗುತ್ತದೆ. ಮೇಲೆ ಗೆರೆಗಳು ಇನ್ನೂ ಆಳವಾಗಿರುತ್ತವೆ, ಒಳಗೆ ಜೀವ ಹೋಗಿರುತ್ತದೆ. ಅಪ್ಪ ಅವನ್ನು ಜೋಪಾನ ಮಾಡಿ ಮಾಡಿ ಮೂರು ವರ್ಷ ಇಟ್ಟುಕೊಂಡಿದ್ದ. ಅಂಥ ಟೈರಿನ ಕೆಟ್ಟ ಗುಣವೆಂದರೆ, ಹಿಡಿದುಕೊಂಡೇ ಇರುತ್ತದೆ, ಆಮೇಲೆ ಒಂದು ಮಾತೂ ಹೇಳದೆ ಕೈಬಿಡುತ್ತದೆ.

ಹಾಗಾಗಿ ನಾನು ಬೇರೆ ಜಾತಿಯದನ್ನು ಆರಿಸಿದೆ. ರಬ್ಬರು ಗಟ್ಟಿ, ಹಿಡಿತ ಕಡಿಮೆ, ಆದರೆ ಜಾರುವ ಮೊದಲು ಕೂಗಿ ಹೇಳುತ್ತದೆ. ವಯಸ್ಸಾದವನಿಗೆ ಎಚ್ಚರಿಸುವ ಟೈರೇ ಸರಿ ಎಂದು ನನ್ನ ಲೆಕ್ಕ. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ. ಆ ಭಾನುವಾರ ಮಂಜು ಇನ್ನೂ ಕರಗಿರಲಿಲ್ಲ. ಅಪ್ಪನ ಮುಖದೆದುರು ನಿಂತು ಬೆರಳೆತ್ತಿ ಪಾಠ ಹೇಳಿದೆ.

"ಅಪ್ಪಾ, ಇಲ್ಲಿ ನೋಡು. ಇವು ಕೂಗೋ ಟೈರು. ಕೂಗಿದ ತಕ್ಷಣ ಆಕ್ಸಿಲರೇಟರಿಂದ ಕಾಲು ತೆಗಿ. ನಿನ್ನ ಅಂದಾಜೆಲ್ಲ ಬದಿಗಿಡು. ಕೂಗೋವರೆಗೂ ಭಯ ಇಲ್ಲ. ತಿಳೀತಾ?"

"ತಿಳೀತು."

"ಏನು ತಿಳೀತು?"

"ಕೂಗೋವರೆಗೂ ಭಯ ಇಲ್ಲ," ಎಂದ ಅಪ್ಪ, ಶಾಲೆಯ ಹುಡುಗನಂತೆ. ಒಂದು ದಿನವಾದರೂ ನನ್ನ ಮಾತು ಕಿವಿಗೆ ಹಾಕಿಕೊಂಡನಲ್ಲ ಎಂದು ಸಮಾಧಾನವಾಯಿತು.

ಟೈರಿನ ಪಕ್ಕೆಯ ಮೇಲೆ, ಅಂಚಿನ ಹತ್ತಿರ ಒಂದು ಸಣ್ಣ ತ್ರಿಕೋನದ ಗುರುತಿರುತ್ತದೆ. ಹೊರಡುವ ಮೊದಲು ಅದರ ಮೇಲೆಲ್ಲ ಸೀಮೆಸುಣ್ಣ ಬಳಿಯುತ್ತೇನೆ. ಬಂದ ಮೇಲೆ ಸುಣ್ಣ ತ್ರಿಕೋನದವರೆಗೆ ಅಳಿಸಿದ್ದರೆ ಎಲ್ಲ ಸರಿ. ಅದನ್ನೂ ದಾಟಿ ಅಳಿಸಿದ್ದರೆ, ಟೈರು ಮಗ್ಗುಲಾಗುವಷ್ಟು ಒತ್ತಡ ಬಿದ್ದಿದೆ ಎಂದರ್ಥ. ನಾಲ್ಕಕ್ಕೂ ಬಳಿದು, ಗಾಳಿ ನೋಡಿ, ಅಪ್ಪನನ್ನು ಕಳಿಸಿದೆ.

ಹಸಿರು ಕಾರು ಮಂಜಿನೊಳಗೆ ಹೋಯಿತು. ಮೊದಲ ಸುತ್ತು ಮೆಲ್ಲಗೆ. ಎರಡನೆಯದರಲ್ಲಿ ದೂರದ ಉದ್ದ ತಿರುವಿನಿಂದ ಸಣ್ಣ ರಾಗ ಕೇಳಿಸಿತು. ಟೈರು ಬಿಸಿಯಾಗಿ ಮಾತಾಡತೊಡಗಿತ್ತು. ಕಣ್ಣು ಮುಚ್ಚಿ ಕೇಳಿದೆ. ಮೂರನೆಯ ಸುತ್ತಿಗೆ ಆ ರಾಗ ಏರಿತು, ಇನ್ನೂ ಏರಿತು, ಕೂಗಾಯಿತು. ಈಗ ಕಾಲು ತೆಗೆಯುತ್ತಾನೆ ಅಂದುಕೊಂಡೆ. ತೆಗೆಯಲಿಲ್ಲ. ಮಂಜಿನ ಆಚೆ ಕಾಣದ ಆ ಕೂಗು ತಿರುವಿನುದ್ದಕ್ಕೂ ಹಾಗೇ ಎಳೆಯಿತು. ಮುಂದಿನ ಸುತ್ತಿನಲ್ಲಿ, ಮಂಜಿನಿಂದ ಹೊರಬರುತ್ತಲೇ, ಕಾರಿನ ಹಿಂಭಾಗ ಹುಲ್ಲನ್ನು ಸವರಿತು. ಸೀಟಿಯಣ್ಣ ಬಾವುಟ ಬೀಸಿದ. ಅದನ್ನು ನೋಡಿ ಅಪ್ಪ ತಕ್ಷಣ ಒಳಗೆ ಬಂದ.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತೆ. ಎಡಗಡೆ ಮುಂದಿನ ಟೈರಿನಲ್ಲಿ ಸುಣ್ಣ ತ್ರಿಕೋನವನ್ನು ದಾಟಿ ಎರಡು ಬೆರಳಷ್ಟು ಅಳಿಸಿಹೋಗಿತ್ತು. ಅಂಚು ನೀಲಿಗಟ್ಟಿ, ಮಕ್ಕಳು ಪುಸ್ತಕದಲ್ಲಿ ಅಳಿಸಿದಾಗ ಉದುರುವ ಹಾಗೆ ರಬ್ಬರು ಸುರುಳಿ ಸುರುಳಿಯಾಗಿ ಎದ್ದಿತ್ತು. ಇದು ಅಪ್ಪನ ಬರಹವೇ ಅಲ್ಲ. ಬಾಯಿಗೆ ಬಂದಂತೆ ಬೈಯಲು ತಲೆ ಎತ್ತುವಷ್ಟರಲ್ಲಿ ಅಪ್ಪ ಹೆಲ್ಮೆಟ್ ತೆಗೆದು ನಕ್ಕ.

"ಒಳ್ಳೇ ಟೈರು ಕಣಮ್ಮಾ. ಒಂದು ಸಲಾನೂ ಕೂಗಲಿಲ್ಲ."

ಅರ್ಧ ಮೈಲಿ ದೂರದಿಂದ ನನಗೆ ಕೇಳಿಸಿತ್ತು. ಬೈಗುಳ ಅಲ್ಲೇ ನಿಂತಿತು. ತಲೆ ತಗ್ಗಿಸಿ, ಟೈರನ್ನೇ ನೋಡುತ್ತಾ, ಸಾಧಾರಣ ದನಿಯಲ್ಲಿ ಹೇಳಿದೆ: "ಅಪ್ಪಾ, ಕಾರಿಗೆ ಬೆಂಕಿ ಬಿದ್ದಿದೆ."

ಅಪ್ಪ ನಿಧಾನವಾಗಿ ಕೈಗವಸು ಮಡಚುತ್ತಿದ್ದ. ಒಂದು, ಆಮೇಲೆ ಇನ್ನೊಂದು.

ಎದ್ದು ಅವನ ಎದುರು ನಿಂತೆ. "ಎಷ್ಟು ವರ್ಷ ಆಯ್ತು ಅಪ್ಪಾ?"

ಅವನ ಕಣ್ಣು ನನ್ನ ತುಟಿಯ ಮೇಲಿತ್ತು. ಯಾವಾಗಲೂ ಅಲ್ಲೇ ಇರುತ್ತಿತ್ತು, ನಾನು ಗಮನಿಸಿರಲಿಲ್ಲ. ಸುಳ್ಳು ಹೇಳಲು ಹೊರಟು ಬಿಟ್ಟುಬಿಟ್ಟ. "ಎಡಗಿವಿ ಗಿರಣೀಲಿದ್ದಾಗ್ಲೇ ಹೋಯ್ತು. ಬಲಗಡೇದು ಏಳು ವರ್ಷ ಆಗಿರ್ಬೇಕು. ಗುಂಯ್ ಅನ್ನುತ್ತೆ, ಅಷ್ಟೆ. ಎದುರಿಗಿದ್ರೆ ಬಾಯಿ ನೋಡಿ ತಿಳ್ಕೋತೀನಿ."

"ಹೇಳೋಕೇನಾಗಿತ್ತು?"

"ಹೇಳಿದ್ರೆ ಕಾರು ಬಿಡು ಅಂತಿದ್ರಿ."

"ಅಮ್ಮನಿಗಾದ್ರೂ?"

"ಮೊದಮೊದಲು ನಾಚಿಕೆ. ನಾಳೆ ಹೇಳೋಣ, ನಾಳೆ ಹೇಳೋಣ ಅಂದ್ಕೊಂಡೆ. ಆಮೇಲೆ ಅವಳು ಮಾತೇ ಬಿಟ್ಲಲ್ಲ."

ನನಗೆ ನಾಚಿಕೆಯಾಯಿತು, ಸರಿಯಾಗಿಯೇ ಆಯಿತು. ಬ್ಯಾಂಕಿನವನ ಮನೆಯ ಜಗಳ ಓದಬಲ್ಲವಳಿಗೆ ಒಂದೇ ಸೂರಿನ ಕೆಳಗಿನ ಮನುಷ್ಯನನ್ನು ಓದಲು ಬಂದಿರಲಿಲ್ಲ. ಇಷ್ಟು ವರ್ಷ ಅವನು ಸೀಟಿನಿಂದ ಬೆನ್ನಿಗೆ, ಸ್ಟೀರಿಂಗಿನಿಂದ ಕೈಗೆ ಬರುವ ಅದುರಿನಿಂದಲೇ ಓಡಿಸಿದ್ದ. ಟೈರು ಸಾಯುವವರೆಗೂ ಒಂದು ಸಲವೂ ತಪ್ಪಿರಲಿಲ್ಲ. ಅದನ್ನು ಬದಿಗಿಡು, ಕೂಗಿಗೆ ಕಾಯಿ ಎಂದವಳು ನಾನು. ಪಾಪ, ಅವನು ನನ್ನ ಮಾತಿನಂತೆಯೇ ನಡೆದು, ಬಾರದ ಕೂಗಿಗಾಗಿ ತಿರುವಿನುದ್ದಕ್ಕೂ ಕಾದಿದ್ದ.

ಸೀಟಿಯಣ್ಣ ಪಟ್ಟಿ ಹಿಡಿದುಕೊಂಡೇ ಬಂದ. ಅವನಿಗೆ ಎಲ್ಲ ಹೇಳಿದೆ. ಸೀಟಿಯನ್ನು ಬೆರಳಿಗೆ ಸುತ್ತುತ್ತಾ ಯೋಚಿಸಿದ.

"ಕಿವಿ ಕೇಳದೋರು ಓಡಿಸ್ಬಾರ್ದು ಅಂತ ಇಲ್ಲೇನೂ ನಿಯಮ ಇಲ್ಲ. ಬಾವುಟ ನೋಡಿದ್ರೆ ಸಾಕು, ಅದನ್ನ ಅವರು ಎಲ್ಲರಿಗಿಂತ ಮೊದಲೇ ನೋಡ್ತಾರೆ. ಆದ್ರೆ ಆ ಟೈರಿನ ಪರಿಚಯ ಆಗೋವರೆಗೂ ಒಬ್ರನ್ನೇ ಬಿಡಲ್ಲ. ಪಕ್ಕದಲ್ಲಿ ಯಾರಾದ್ರೂ ಕೂರ್ಲಿ, ಆಮೇಲೆ ನೋಡೋಣ."

ಯಾರಾದರೂ ಎಂದರೆ ಯಾರು? ಬಸ್ಸಿನ ಕಿಟಕಿ ಪಕ್ಕ ಕೂತರೂ ನನಗೆ ಹೊಟ್ಟೆ ತೊಳಸುತ್ತದೆ. ಹನ್ನೊಂದು ವರ್ಷದಲ್ಲಿ ಒಂದೇ ಒಂದು ಸುತ್ತು ಹೋದವಳಲ್ಲ. "ನಾನೇ ಕೂರ್ತೀನಿ," ಎಂದೆ. ಅಪ್ಪನ ಕಡೆ ತಿರುಗಿ, "ಒಂದು ಷರತ್ತು. ಈ ಸುತ್ತು ಮುಗಿದ ಮೇಲೆ ಅಮ್ಮನಿಗೆ ನೀನೇ ಹೇಳ್ಬೇಕು."

"ಅದಕ್ಕಿಂತ ಈ ತಿರುವೇ ಸುಲಭ," ಎಂದ ಅಪ್ಪ. ಆದರೂ ತಲೆಯಾಡಿಸಿದ.

ಸವೆದ ಎಡಗಡೆ ಟೈರು ಬದಲಿಸಿ, ಗಾಳಿ ಸರಿಮಾಡಿ, ಮತ್ತೆ ಸುಣ್ಣ ಬಳಿದೆ. ಮಂಜು ಅಷ್ಟಿಷ್ಟು ಹರಿದಿತ್ತು. ಹೆಲ್ಮೆಟ್ಟಿನೊಳಗೆ ನನ್ನ ಉಸಿರೇ ನನಗೆ ದೊಡ್ಡದಾಗಿ ಕೇಳುತ್ತಿತ್ತು. ಅಪ್ಪನ ಮೊಣಕಾಲಿನ ಮೇಲೆ ಕೈಯಿಟ್ಟೆ. ಒಂದು ತಟ್ಟಿದರೆ ಟೈರು ಗೊಣಗುತ್ತಿದೆ, ಎರಡು ತಟ್ಟಿದರೆ ಕಾಲು ತೆಗಿ ಎಂದು ಮೊದಲೇ ಹೇಳಿದ್ದೆ. ಕಾರು ಹೊರಟಿತು. ಹೊಟ್ಟೆ ತೊಳಸಲಿಲ್ಲ. ಹುಲ್ಲು, ಬೇಲಿ, ಬಿಳಿ ಆಕಾಶ ಎಲ್ಲ ನಿಧಾನವಾಗಿ ನಮ್ಮ ಸುತ್ತ ಹರಿದುಹೋದವು, ನಾವೇ ನಿಂತಿದ್ದೇವೇನೋ ಎಂಬಂತೆ. ಉದ್ದ ತಿರುವಿನಲ್ಲಿ ಕಾಲ ಕೆಳಗಿನಿಂದ ಆ ರಾಗ ಎದ್ದಿತು. ಒಂದು ತಟ್ಟಿದೆ. ರಾಗ ಏರಿತು, ಎರಡು ತಟ್ಟಿದೆ. ಅಪ್ಪ ಕಾಲು ತೆಗೆದ. ಕಾರು ಉಸಿರು ಬಿಟ್ಟಂತೆ ಹಗುರಾಗಿ ತಿರುವಿನಿಂದ ಹೊರಬಂತು.

ಎಷ್ಟು ಸುತ್ತಾಯಿತೋ ಲೆಕ್ಕ ತಪ್ಪಿತು. ಏಳು ವರ್ಷದಲ್ಲಿ ನಾವಿಬ್ಬರೂ ಇಷ್ಟು ಹೊತ್ತು ಮಾತಾಡಿರಲಿಲ್ಲ. ಕೊನೆ ಕೊನೆಗೆ ನನ್ನ ಬೆರಳು ಏಳುವ ಮೊದಲೇ ಅಪ್ಪನ ಕಾಲು ಏಳುತ್ತಿತ್ತು. ಹೊಸ ಟೈರಿನ ಅದುರು ಅವನ ಬೆನ್ನಿಗೆ ಸಿಕ್ಕಿತ್ತು. ನಾನು ಕೈ ತೆಗೆಯಬಹುದಿತ್ತು, ತೆಗೆಯಲಿಲ್ಲ.

ಶೆಡ್ಡಿಗೆ ಬಂದು ನೋಡಿದರೆ ಸುಣ್ಣ ನಾಲ್ಕೂ ಟೈರಿನಲ್ಲಿ ತ್ರಿಕೋನಕ್ಕೆ ಸರಿಯಾಗಿ ನಿಂತಿತ್ತು. ಸೀಟಿಯಣ್ಣ ಬಗ್ಗಿ ನೋಡಿ, ಪಟ್ಟಿ ಮಡಚಿ ಜೇಬಿಗಿಟ್ಟುಕೊಂಡು, "ಮುಂದಿನ ಭಾನುವಾರ ಬೇಗ ಬನ್ನಿ ಯಜಮಾನ್ರೇ," ಎಂದು ಹೋದ. ನಾನು ಮನೆಗೆ ಫೋನ್ ಮಾಡಿ, ಅಮ್ಮ ಎತ್ತಿದ ಮೇಲೆ ಅಪ್ಪನ ಕೈಗೆ ಕೊಟ್ಟೆ.

ಅವನು ಅದನ್ನು ಎರಡೂ ಕೈಯಲ್ಲಿ ಬಾಯಿಯ ಹತ್ತಿರ ಹಿಡಿದ. "ನಾನು. ನನಗೆ ಕಿವಿ ಕೇಳಲ್ಲ ಕಣೇ. ಏಳು ವರ್ಷ ಆಯ್ತು. ನೀನು ಒಳಗಿಂದ ಕರೀತಿದ್ದೆಯಲ್ಲ, ಒಂದೂ ಕೇಳಿಸ್ಲಿಲ್ಲ. ಬೇಕು ಅಂತ ಸುಮ್ಮನಿರ್ಲಿಲ್ಲ." ಇಷ್ಟು ಹೇಳಿ, ಉತ್ತರ ತನಗೆ ಕೇಳಿಸುವುದಿಲ್ಲವೆಂದು ಫೋನನ್ನು ನನ್ನ ಕಡೆ ಚಾಚಿದ.

ಆ ಕಡೆ ಹೊಲಿಗೆಯಂತ್ರ ನಿಂತಿತು. ಅಮ್ಮ, "ಹಾಗಾದ್ರೆ ಅಷ್ಟು ವರ್ಷ ನಾನು ಬೈದಿದ್ದೆಲ್ಲ ದಂಡ," ಎಂದಳು. ದನಿ ಅರ್ಧದಲ್ಲೇ ಒಡೆಯಿತು. ಅವಳು ಅಳುವುದನ್ನು ಕೇಳುತ್ತಾ ನಿಂತೆ. ನಿಲ್ಲಿಸಿ, ಮೂಗು ಒರೆಸಿಕೊಂಡು, ಇನ್ನೊಂದು ಮಾತು ಹೇಳಿದಳು.

"ಏನಂತೆ?" ಎಂದ ಅಪ್ಪ. ಅವನ ಕಣ್ಣು ನನ್ನ ತುಟಿಯ ಮೇಲಿತ್ತು. ನಾನು ಬೆಳಕಿಗೆ ಬಂದು, ಒಂದೊಂದೇ ಪದ ಬಿಡಿಸಿ ಹೇಳಿದೆ.

"ಊಟಕ್ಕೆ ಬೇಗ ಬರ್ಬೇಕಂತೆ. ಎದುರಿಗೆ ಕೂತು ಎಲ್ಲಾ ಹೇಳ್ತಾಳಂತೆ, ಮೊದಲಿಂದ."