ಮನೆಗೊಂದೇ ಹಲಗೆ

ನಮ್ಮಜ್ಜಿಯ ಎಡ ಮಂಡಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಊರಿಗೆಲ್ಲ ಒಂದೇ ಚಿಂತೆ: ಕೆಸರಿನ ಮೇಲೆ ಅವಳ ಜಾಗ ಇನ್ನು ಯಾರಿಗೆ? ನೋವು ಹೇಗಿದೆ ಎಂದು ಕೇಳಿದವರು ಇಬ್ಬರೇ. ಅವರಲ್ಲೊಬ್ಬ ಔಷಧಿ ಅಂಗಡಿಯವನು.

ಕೊರಿಯಾದ ಕಡಲ ತೀರದ ನಮ್ಮಜ್ಜಿಯ ಊರು ಬೊಲ್‌ಗ್ಯೊದಲ್ಲಿ ನೀರು ಇಳಿದರೆ ಕಣ್ಣು ಹಾಯುವಷ್ಟು ದೂರ ಕೆಸರು. ಹೆಂಗಸರು ಉದ್ದನೆಯ ಹಲಗೆಯ ಮೇಲೆ ಒಂದು ಮಂಡಿಯೂರಿ, ಇನ್ನೊಂದು ಕಾಲಲ್ಲಿ ಕೆಸರನ್ನು ಹಿಂದಕ್ಕೆ ತಳ್ಳುತ್ತ ಜಾರಿಕೊಂಡು ಹೋಗಿ ಕಪ್ಪೆಚಿಪ್ಪು ಆರಿಸುತ್ತಾರೆ. ಕಡಲ ಸಂಘದ ನಿಯಮ ಕಟ್ಟುನಿಟ್ಟು. ಮನೆಗೊಂದೇ ಹಲಗೆ. ಹಂಗಾಮಿನ ಮೊದಲ ದಿನ ಅದು ಕೆಸರಿಗಿಳಿದು, ನೀರೇರುವ ಮುಂಚೆ ಎರಡು ಚೀಲ ತುಂಬಿಸಿಕೊಂಡು ಬರಬೇಕು. ಇಲ್ಲದಿದ್ದರೆ ಆ ಮನೆಯ ಜಾಗ ಬೇರೆಯವರಿಗೆ.

ಅಜ್ಜಿಯ ಆರೈಕೆಗೆಂದು ಗ್ವಾಂಗ್‌ಜು ನಗರದಿಂದ ಬಂದಿದ್ದ ನಾನು, ಅವಳ ಮಗಳ ಮಗಳು ನಾರೆ, "ಈ ಸಲ ನಾನಿಳೀತೀನಿ" ಎಂದೆ. ಜಾಗ ಅವಳಿಗೆ ಉಳಿಸಿಕೊಟ್ಟು ಹೊಸ ವರ್ಷಕ್ಕೆ ಗ್ವಾಂಗ್‌ಜುವಿಗೆ ವಾಪಸಾಗುವುದು ನನ್ನ ಯೋಚನೆ. ಸಂಘದ ಮುಖಂಡ ಪ್ಯೊ ನಕ್ಕ.

"ಅಕ್ಕ, ಮಗಳ ಮಗಳನ್ನ ಮುದ್ದಾಡೋ ಬದ್ಲು ಒನಕೆನ ಮುದ್ದಾಡು ಅಂತ ಹಿರಿಯರು ಸುಮ್ನೆ ಹೇಳಿಲ್ಲ. ಈ ನಾರೆ ಎಷ್ಟಾದ್ರೂ ಹೊರಗಿನ ಮೊಮ್ಮಗಳು. ಎರಡು ದಿನ ಇದ್ದು ಓಡ್ತಾಳೆ."

"ಒನಕೆ ಭತ್ತನಾದ್ರೂ ಕುಟ್ಟುತ್ತೆ ಕಣೋ. ನಿನ್ನ ನಾಲಿಗೆಯಿಂದ ಏನುಪಯೋಗ?" ಎಂದಳು ಅಜ್ಜಿ.

ಹೊರಗಿನ ಮೊಮ್ಮಗಳು ಎಂಬ ಮಾತು ನನಗೆ ಚುಚ್ಚಿತು. ಚಿಕ್ಕಂದಿನಲ್ಲಿ ಹಬ್ಬ ಬಂದರೆ ಮೊದಲು ಅಪ್ಪನ ಮನೆ. ಉಳಿದ ಅರ್ಧ ದಿನ ಅಜ್ಜಿಗೆ. ಆ ಬಾಕಿಯನ್ನೆಲ್ಲ ಅಜ್ಜಿ ಈಗ ಬೈಗುಳದಲ್ಲಿ ತೀರಿಸತೊಡಗಿದಳು.

ನಾನು ಎಡಚಿ. ಅಜ್ಜಿಗೆ ಅದು ಆಗಿಬಾರದು. ಊಟಕ್ಕೆ ಕೂತರೆ ಚಮಚ ಕಿತ್ತು ಬಲಗೈಗೆ ಕೊಡುತ್ತಿದ್ದಳು. ಕೆಸರಿನಲ್ಲೂ ಅದೇ ಕಟ್ಟಳೆ. ದಡದ ಒಡ್ಡಿನ ಮೇಲೆ ಕೋಲು ಹಿಡಿದು ಕೂತು, "ಎಡ ಮಂಡಿ ಊರು, ಬಲಗಾಲಲ್ಲಿ ತಳ್ಳು" ಎಂದು ಕೂಗುವಳು. ಊರಲ್ಲಿ ಎಲ್ಲರೂ ತಳ್ಳುವುದು ಹಾಗೆಯೇ. ನನ್ನ ಹಲಗೆ ಮಾತ್ರ ಗಾಣದೆತ್ತಿನಂತೆ ಇದ್ದಲ್ಲೇ ಸುತ್ತುತ್ತಿತ್ತು.

"ಒದೀಬೇಡ ಕಣೇ. ಕೆಸರೇನು ನಿನ್ನ ಗಂಡನಾ?"

"ಗಂಡ ಇದ್ದಿದ್ರೆ ಇಷ್ಟೊತ್ತಿಗೆ ಅಭ್ಯಾಸ ಆಗಿರೋದು."

ಸಂಜೆ ನನ್ನ ತೊಡೆಗೆ ಮುಲಾಮು ತಿಕ್ಕುತ್ತ, ಮುಖ ಆಚೆ ತಿರುಗಿಸಿಕೊಂಡು ನಗುತ್ತಿದ್ದಳು. ನಲವತ್ತು ದಿನ ಹೀಗೇ ಕಳೆಯಿತು. ಇಷ್ಟು ಸುಖವಾಗಿ ನಾನು ಎಲ್ಲೂ ಬೈಸಿಕೊಂಡಿರಲಿಲ್ಲ.

ಹಂಗಾಮಿನ ಮೊದಲ ದಿನ ಬಂತು. ಅಂಕುಡೊಂಕಾಗಿ ಹೇಗೋ ಹೋಗಿ ಎರಡೂ ಚೀಲಗಳನ್ನೇನೋ ತುಂಬಿಸಿಕೊಂಡೆ. ವಾಪಸು ಬರುವಾಗ ಅರ್ಧ ದಾರಿಯಲ್ಲಿ ಬಲಗಾಲು ಮರಗಟ್ಟಿತು. ಹಲಗೆ ಸುತ್ತತೊಡಗಿತು. ಉಳಿದವರು ಆಗಲೇ ಒಡ್ಡು ಹತ್ತುತ್ತಿದ್ದರು. ಹಿಂದಿನಿಂದ ನೀರು ಬರುತ್ತಿತ್ತು.

"ಬಲಗಾಲು!" ಅಜ್ಜಿ ಕೂಗಿದಳು.

"ಅದು ಸತ್ತಿದೆ ಅಜ್ಜಿ!"

ಇನ್ನು ಯಾರ ಮಾತು ಕೇಳುವುದು? ಬಲ ಮಂಡಿಯೂರಿ, ಶಾಲೆಯಲ್ಲಿ ಚೆಂಡೊದ್ದು ಪಳಗಿದ್ದ ಎಡಗಾಲನ್ನು ಕೆಸರಿಗಿಳಿಸಿದೆ. ಹಲಗೆ ನೆಟ್ಟಗೆ ಹೊರಟಿತು. ನಾಲ್ಕನೇ ಸಲ ತಳ್ಳುವಷ್ಟರಲ್ಲಿ ನನಗೇ ನಗು ಬಂತು. ಈ ಕೆಸರು ಬಿಟ್ಟು ಗ್ವಾಂಗ್‌ಜುವಿಗೆ ಹೋಗಿ ನಾನು ಮಾಡುವುದಾದರೂ ಏನು ಎಂದು ಅಲ್ಲೇ ಅನ್ನಿಸಿಬಿಟ್ಟಿತು.

ಪ್ಯೊ ಎರಡೂ ಚೀಲ ಎತ್ತಿ ನೋಡಿ ಗಂಟಲು ಸರಿಮಾಡಿಕೊಂಡ. ಅಜ್ಜಿ ಅತ್ತ ತಿರುಗಲೂ ಇಲ್ಲ. ಕೆಸರು ಮೆತ್ತಿದ ನನ್ನ ಎಡಗಾಲನ್ನು ನೋಡಿದಳು, ಆಮೇಲೆ ತನ್ನ ಎಡ ಮಂಡಿಯನ್ನು ನೋಡಿಕೊಂಡಳು.

"ನಲವತ್ತು ದಿನ ನಿಂಗೆ ತಪ್ಪು ಕಾಲು ಕಲಿಸಿದೆ ಮಗಳೇ," ಎಂದಳು ಮೆಲ್ಲಗೆ. ಅವಳ ಬಾಯಿಂದ ತಪ್ಪು ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು. "ಅಲ್ಲಾ, ಡಾಕ್ಟ್ರು ಈ ಮಂಡಿ ಊರಬೇಡಿ ಅಂದಿದ್ದು ತಾನೆ? ತಳ್ಳೋದಕ್ಕೆ ಏನಂದ್ರು?"

"ಏನೂ ಅಂದಿಲ್ಲ. ಯಾಕೆ?"

"ಐವತ್ತೆರಡು ವರ್ಷ ಈ ಎಡಗಾಲು ಹಲಗೆ ಮೇಲೆ ಕೂತು ಪುಕ್ಕಟೆ ಸವಾರಿ ಮಾಡಿದೆ. ಇನ್ಮೇಲೆ ದುಡೀಲಿ."

ಪ್ಯೊ ಪುಸ್ತಕ ತೆಗೆದ. "ಮನೆಗೊಂದೇ ಹಲಗೆ. ಯಾರ ಹೆಸರು ಬರೀಲಿ?"

"ನಂದು," ಎಂದಳು ಅಜ್ಜಿ.

ನಾನೂ ಅದೇ ಕ್ಷಣಕ್ಕೆ "ನಂದು" ಎಂದಿದ್ದೆ.